ಬೊಲಿವಿಯಾದ ಬೆಳ್ಳಿಕಳ್ಳಿಗೆ ಬಳ್ಳಾರಿಯ ಬಿಸಿಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ನರ್ಸರಿಗಳಲ್ಲಿ ‘ಸಿಲ್ವರ್ ಟಾರ್ಚ್’ ಹೆಸರಿನಲ್ಲಿ ಮಾರುವ, ಬಿಳಿ ಮುಳ್ಳು ಹೊದ್ದ ಕಂಬದಂಥ ಕಳ್ಳಿಯ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಈ ಸಲ ಸಾಕಷ್ಟು ಪತ್ರಗಳು ಬಂದಿವೆ. ಹೆಚ್ಚಿನವರ ದೂರು ಒಂದೇ: ದೀಪಾವಳಿ ಹೊತ್ತಿಗೆ ತಂದ ಗಿಡ ಶಿವರಾತ್ರಿವರೆಗೂ ಚೆಂದ ಇತ್ತು, ಯುಗಾದಿ ಕಳೆದ ಮೇಲೆ ಕೊಳೆಯಿತು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನರ್ಸರಿಯವರು ಸಿಲ್ವರ್ ಟಾರ್ಚ್ ಎಂದು ಒಂದು ಬಿಳಿ ಕಳ್ಳಿ ಕೊಟ್ಟರು. ಅದೇ ಹೆಸರು ಹೇಳಿ ಪಕ್ಕದ ಮನೆಯವರಿಗೆ ಕೊಟ್ಟದ್ದು ಹತ್ತಿ ಸುತ್ತಿದ ಹಾಗಿದೆ. ಎರಡರಲ್ಲಿ ಅಸಲಿ ಯಾವುದು? – ಸಿಂಧನೂರಿನ ಓದುಗರು

ಉತ್ತರ: ಎರಡೂ ಅಸಲಿ ಕಳ್ಳಿಗಳೇ, ಜಾತಿ ಮಾತ್ರ ಬೇರೆ. ನೀವು ಕಳಿಸಿದ ಚಿತ್ರದಲ್ಲಿರುವುದು ಕ್ಲೈಸ್ಟೊಕ್ಯಾಕ್ಟಸ್ ಸ್ಟ್ರೌಸಿ, ಸಿಲ್ವರ್ ಟಾರ್ಚ್ ಅಂದರೆ ಇದೇ; ಮುಂದೆ ಬೆಳ್ಳಿಕಳ್ಳಿ ಎನ್ನುವುದೂ ಇದನ್ನೇ. ಇದರ ತವರು ದಕ್ಷಿಣ ಬೊಲಿವಿಯಾದ ತರೀಹಾ ಪ್ರಾಂತ್ಯದ ಗುಡ್ಡಗಾಡು. ಬುಡದಿಂದಲೇ ಹಲವು ದಿಂಡುಗಳು ಮೇಲೇಳುತ್ತವೆ. ಒಂದೊಂದು ದಿಂಡು 5–6 ಸೆಂ.ಮೀ. ದಪ್ಪ, ವಯಸ್ಸಾದಾಗ 3 ಮೀಟರ್‌ವರೆಗೂ ಎತ್ತರ. ದಿಂಡಿನ ಉದ್ದಕ್ಕೂ ಸುಮಾರು 25 ಸಣ್ಣ ಏಣುಗಳಿರುತ್ತವೆ, ಆದರೆ ಮುಳ್ಳು ಸರಿಸಿ ನೋಡದೆ ಅವು ಕಾಣುವುದಿಲ್ಲ. ಏಣಿನ ಮೇಲೆ ಮುಳ್ಳು ಹೊರಡುವ ಒಂದು ಉಣ್ಣೆಚುಕ್ಕಿಯನ್ನು ಭೂತಗನ್ನಡಿಯಲ್ಲಿ ನೋಡಿ: ನಡುವೆ ನಾಲ್ಕರಷ್ಟು ತಿಳಿಹಳದಿ–ಕಂದು ಮುಳ್ಳು, ಅವುಗಳ ಸುತ್ತ ಇಪ್ಪತ್ತಕ್ಕೂ ಮಿಕ್ಕಿ ಕೂದಲಿನಷ್ಟು ತೆಳ್ಳನೆಯ ಬಿಳಿ ಮುಳ್ಳು. ದೂರದಿಂದ ಕಾಣುವ ಬೆಳ್ಳಿ ಬಣ್ಣ ಈ ಸುತ್ತಿನ ಮುಳ್ಳುಗಳದ್ದು.

ಪಕ್ಕದ ಮನೆಯದು ಎಸ್ಪೊಸ್ಟೊವಾ ಲನಾಟಾ ಇರಬೇಕು. ಪೆರು, ಎಕ್ವಡಾರ್ ಕಡೆಯದು. ಅದರ ಮೈಮೇಲೆ ನಿಜವಾದ ಉಣ್ಣೆಯಂಥ ಎಳೆಗಳು ದಿಂಡಿಗೆ ಅಂಟಿಕೊಂಡು ಸುತ್ತಿರುತ್ತವೆ, ಉಣ್ಣೆಯೊಳಗಿಂದ ಗಟ್ಟಿ ಮುಳ್ಳು ಇಣುಕುತ್ತದೆ. ಒಂದು ಪೆನ್ಸಿಲಿನಿಂದ ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ಸವರಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕ್ಲೈಸ್ಟೊಕ್ಯಾಕ್ಟಸ್‌ನ ಮುಳ್ಳು ಬ್ರಷ್ಷಿನಂತೆ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಎಸ್ಪೊಸ್ಟೊವಾದ ಎಳೆ ಪೆನ್ಸಿಲಿಗೆ ಸಿಕ್ಕಿಕೊಳ್ಳುತ್ತದೆ. ಮುಳ್ಳು ಬಂಗಾರದ ಬಣ್ಣವಿದ್ದು ದಿಂಡಿನ ತುದಿ ಓರೆಯಾಗಿ ಕತ್ತರಿಸಿದಂತೆ ಒಂದು ಪಕ್ಕಕ್ಕೆ ವಾಲಿದ್ದರೆ ಅದು ಮೂರನೆಯದು, ದಕ್ಷಿಣ ಬ್ರೆಜಿಲ್‌ನ ಪರೋಡಿಯಾ ಲೆನಿಂಗ್‌ಹೌಸಿ. ಮೂರರ ಆರೈಕೆಯೂ ಹೆಚ್ಚುಕಡಿಮೆ ಒಂದೇ. ಎಸ್ಪೊಸ್ಟೊವಾ ಚಳಿಗೆ ಸ್ವಲ್ಪ ಹೆಚ್ಚು ಅಂಜುತ್ತದೆ, ಆದರೆ ನಿಮ್ಮೂರಲ್ಲಿ ಆ ಚಿಂತೆ ಇಲ್ಲ.

ಪ್ರಶ್ನೆ: ಹೊಲದ ಬದುವಿನಲ್ಲಿರುವ ಚದುರಗಳ್ಳಿಯೂ ಕಂಬದಂತೆಯೇ ಬೆಳೆಯುತ್ತದೆ. ಅದೂ ಇದೇ ಕುಲವೇ? – ಮಾನ್ವಿಯ ಓದುಗರು

ಉತ್ತರ: ಅಲ್ಲ. ಚದುರಗಳ್ಳಿ, ಬೊಂತೆಕಳ್ಳಿ ಇವೆಲ್ಲ ಯೂಫೋರ್ಬಿಯಾ ಕುಲದವು, ಗೀರಿದರೆ ಬಿಳಿ ಹಾಲು ಬರುತ್ತದೆ. ಆ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಕ್ಲೈಸ್ಟೊಕ್ಯಾಕ್ಟಸ್‌ಗೆ ಹಾಲಿಲ್ಲ, ಗೀರಿದರೆ ನೀರಿನಂಥ ಲೋಳೆ ಬರುತ್ತದೆ. ಎಲ್ಲ ಮುಳ್ಳುಗಳೂ ಉಣ್ಣೆಚುಕ್ಕಿಯಿಂದಲೇ ಹೊರಡುವುದು ಕ್ಯಾಕ್ಟಸ್ ಕುಟುಂಬದ ಗುರುತು. ನಮ್ಮ ಕಡೆ ಕಾಡುಬಿದ್ದು ಬೆಳೆಯುವ ಕ್ಯಾಕ್ಟಸ್ ಎಂದರೆ ಪಾಪಾಸುಕಳ್ಳಿ, ಅದೂ ಅಮೆರಿಕ ಖಂಡದಿಂದ ಬಂದದ್ದೇ.

ಪ್ರಶ್ನೆ: ಮಾಳಿಗೆ ಮೇಲೆ 3 ಅಡಿ ಎತ್ತರದ ಬೆಳ್ಳಿಕಳ್ಳಿ ಇತ್ತು. ಬಿಸಿಲು ಜೋರಾಯಿತೆಂದು ಏಪ್ರಿಲ್‌ನಿಂದ ದಿನ ಬಿಟ್ಟು ದಿನ ನೀರು ಹಾಕಿದೆವು. ಮೇ ಎರಡನೇ ವಾರ ಬುಡ ಮೆತ್ತಗಾಗಿ ಗಿಡ ವಾಲಿತು. ಮರುಭೂಮಿ ಗಿಡ ಬಿಸಿಲಿಗೆ ಸಾಯುತ್ತದೆಯೇ? ತುದಿ ಇನ್ನೂ ಹಸಿರಿದೆ, ಉಳಿಸಬಹುದೇ? – ಬಳ್ಳಾರಿಯ ಓದುಗರು

ಉತ್ತರ: ತುದಿ ಉಳಿಯುತ್ತದೆ. ಆದರೆ ಮೊದಲು ಕಾರಣ ತಿಳಿಯದಿದ್ದರೆ ಮುಂದಿನ ಮೇ ತಿಂಗಳಲ್ಲಿ ಅದೂ ಹೋಗುತ್ತದೆ.

ಇದು ಮರಳುಗಾಡಿನ ಗಿಡವಲ್ಲ, ಗುಡ್ಡದ ಇಳಿಜಾರಿನದು. ತರೀಹಾ ಪಟ್ಟಣವೇ 1,800 ಮೀಟರ್ ಮೇಲಿದೆ. ಬಳ್ಳಾರಿ ಊರು 500 ಮೀಟರ್ ಕೂಡ ದಾಟದು. ಅಲ್ಲಿ ಹಗಲು ಎಷ್ಟೇ ಕಾದರೂ ಇರುಳು ತಂಪಾಗುತ್ತದೆ, ಮತ್ತು ಕಳ್ಳಿಗೆ ಬೇಕಾದದ್ದು ಆ ಇರುಳೇ. ಕಳ್ಳಿಗಳು ಹಗಲು ಮೈರಂಧ್ರಗಳನ್ನು ಮುಚ್ಚಿಕೊಂಡಿರುತ್ತವೆ. ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಆಮ್ಲವಾಗಿ ಕೂಡಿಟ್ಟು, ಮರುದಿನದ ಬೆಳಕಿನಲ್ಲಿ ಅದರಿಂದ ಆಹಾರ ಮಾಡಿಕೊಳ್ಳುತ್ತವೆ. ನಮ್ಮ ಏಪ್ರಿಲ್–ಮೇ ತಿಂಗಳ ರಾತ್ರಿ 27–28 ಡಿಗ್ರಿಗಿಂತ ಇಳಿಯದಿದ್ದಾಗ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ಗಿಡ ಬೆಳವಣಿಗೆ ನಿಲ್ಲಿಸುತ್ತದೆ, ಬೇರು ನೀರು ಎಳೆಯುವುದನ್ನು ಬಹುಮಟ್ಟಿಗೆ ಬಿಡುತ್ತದೆ. ನೀವು ಹಾಕಿದ ನೀರು ಕುಂಡದಲ್ಲೇ ಉಳಿದು ಕಾಯುತ್ತದೆ. ಹೊರಗೆ 41 ಡಿಗ್ರಿ ಇದ್ದರೆ ಕಪ್ಪು ಪ್ಲಾಸ್ಟಿಕ್ ಕುಂಡದ ಪಡುವಣ ಅಂಚಿನ ಮಣ್ಣು 50 ದಾಟುವುದು ಸಹಜ. ಅಷ್ಟು ಬಿಸಿಯಲ್ಲಿ ತುದಿಬೇರು ಬೆಂದು ಸಾಯುತ್ತದೆ, ಸತ್ತ ಬೇರಿನಿಂದ ಬೂಷ್ಟು ಮೇಲೇರುತ್ತದೆ. ಒಟ್ಟಿನಲ್ಲಿ ಗಿಡ ಸತ್ತದ್ದು ಬಿಸಿಲಿಗಲ್ಲ, ಬಿಸಿಲಿನಲ್ಲಿ ಕುಡಿಸಿದ ನೀರಿಗೆ.

ಹೊರದೇಶದ ಪುಸ್ತಕಗಳು ‘ಬೇಸಿಗೆಯಲ್ಲಿ ಧಾರಾಳ ನೀರು, ಚಳಿಗಾಲದಲ್ಲಿ ಒಣ’ ಎನ್ನುವುದು ಯುರೋಪಿನ ಬೇಸಿಗೆಗೆ, ಅಂದರೆ ನಮ್ಮ ನವೆಂಬರ್ ಹವೆಗೆ. ನಮ್ಮ ಮೂರು ಜಿಲ್ಲೆಗಳಿಗೆ ಲೆಕ್ಕ ಬೇರೆಯೇ. 8 ಅಂಗುಲದ ಕುಂಡಕ್ಕೆ ಹೇಳುವುದಾದರೆ, ಮಾರ್ಚ್ ನಡುವಿನಿಂದ ಜೂನ್ ಮೊದಲ ವಾರದವರೆಗೆ 15–20 ದಿನಕ್ಕೊಮ್ಮೆ 150ರಿಂದ 200 ಮಿ.ಲೀ. ಮಾತ್ರ, ಅದೂ ಕುಂಡ ಮುಟ್ಟಿದರೆ ಬೆಚ್ಚಗಿರದ ಹೊತ್ತಿಗೆ, ರಾತ್ರಿ ಊಟ ಮುಗಿಸಿ ಹಾಕಿ. ದಿಂಡು ಸ್ವಲ್ಪ ಸೊರಗಿದಂತೆ ಕಂಡರೂ ಕೈ ತಡೆಯಿರಿ. ಜೂನ್–ಜುಲೈನಲ್ಲಿ ಮೋಡ–ಗಾಳಿ ಶುರುವಾದ ಮೇಲೆ 10–12 ದಿನಕ್ಕೊಮ್ಮೆ, ತಳದ ತೂತಿನಿಂದ ಇಳಿಯುವಷ್ಟು. ಹುಬ್ಬಿ, ಉತ್ತರಿ, ಹಸ್ತ ಮಳೆಗಳ ಕಾಲದಲ್ಲಿ ಆಕಾಶವೇ ನೀರು ಕೊಡುತ್ತದೆ. ಮೂರು ದಿನ ಬಿಡದೆ ಹಿಡಿದರೆ ಕುಂಡವನ್ನು ಸೂರಿನಡಿ ಎಳೆಯಿರಿ. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಹಗಲು 30, ರಾತ್ರಿ 16–18 ಇರುತ್ತದಲ್ಲ, ಅದೇ ಇದರ ನಿಜವಾದ ಬೆಳವಣಿಗೆಯ ಹಂಗಾಮು. ಆಗ 8–10 ದಿನಕ್ಕೊಮ್ಮೆ ಪೂರ್ತಿ ನೀರು. ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಮಾತ್ರ 20 ದಿನಕ್ಕೊಮ್ಮೆ ಸಾಕು, ಈ ಒಣಗಾಲ ಹೂವಿಗೆ ಒಳ್ಳೆಯದು.

ಈಗ ಗಿಡದ ವಿಷಯ. ಚೂಪಾದ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಮೆತ್ತಗಿರುವ ಭಾಗಕ್ಕಿಂತ 5 ಸೆಂ.ಮೀ. ಮೇಲೆ ಅಡ್ಡ ಕತ್ತರಿಸಿ. ಕತ್ತರಿಸಿದ ಮುಖದ ನಡುವೆ ನಾಳಗಳ ಒಂದು ಉಂಗುರ ಕಾಣುತ್ತದೆ. ಆ ಉಂಗುರದಲ್ಲಿ ಒಂದೇ ಒಂದು ಕಿತ್ತಳೆ ಅಥವಾ ಕಂದು ಚುಕ್ಕೆ ಇದ್ದರೂ ಕೊಳೆ ಮುಂದೆ ಹೋಗಿದೆ ಎಂದರ್ಥ. ಚಾಕು ಮತ್ತೆ ಒರೆಸಿ ಇನ್ನೂ 1 ಸೆಂ.ಮೀ. ಮೇಲೆ ಕತ್ತರಿಸಿ. ಪ್ರತಿ ಸಲವೂ ಒರೆಸಬೇಕು, ಒರೆಸದ ಚಾಕು ಕೊಳೆಯನ್ನು ತಾನೇ ಮೇಲಕ್ಕೆ ಒಯ್ಯುತ್ತದೆ. ತಿರುಳು ಪೂರ್ತಿ ಬೆಳ್ಳಗೆ–ಹಸಿರಾಗಿ ಕಂಡ ಮೇಲೆ, ಕೊಯ್ದ ಮುಖದ ಅಂಚನ್ನು ಪೆನ್ಸಿಲ್ ಕೆತ್ತಿದ ಹಾಗೆ ಸುತ್ತ ಓರೆಯಾಗಿ ಕೆತ್ತಿ. ಹೀಗೆ ಮಾಡದಿದ್ದರೆ ಒಣಗುವಾಗ ನಡುಭಾಗ ಒಳಕ್ಕೆ ಕುಗ್ಗಿ ತಳದಲ್ಲಿ ಬಟ್ಟಲಾಗುತ್ತದೆ, ಬೇರು ಹೊರಡುವ ಉಂಗುರ ಮಣ್ಣು ಮುಟ್ಟುವುದೇ ಇಲ್ಲ. ಗಂಧಕದ ಪುಡಿ ಅಥವಾ ಕಾಪರ್ ಆಕ್ಸಿಕ್ಲೋರೈಡ್ ಪುಡಿ ಹಚ್ಚಿ, ಖಾಲಿ ಕುಂಡದಲ್ಲಿ ನಿಲ್ಲಿಸಿ, ಗಾಳಿಯಾಡುವ ನೆರಳಲ್ಲಿಡಿ. ಮಲಗಿಸಬೇಡಿ, ಹಲವು ದಿನ ಮಲಗಿದ ದಿಂಡು ಬೆಳಕಿನ ಕಡೆ ಬಾಗಿ ಪಕ್ಕದಲ್ಲಿ ಬೇರು ಬಿಡುತ್ತದೆ.

ಮೇ ತಿಂಗಳಲ್ಲಿ ಕತ್ತರಿಸಿದ್ದನ್ನು ಮೇ ತಿಂಗಳಲ್ಲೇ ನೆಡಬೇಡಿ. ಆ ಬಿಸಿಯಲ್ಲಿ ಬೇರು ಬರುವುದಿಲ್ಲ, ನೆಟ್ಟರೆ ನೀರು ಹಾಕುವ ಆಸೆ ಬೇರೆ ಹುಟ್ಟುತ್ತದೆ. ಮೊದಲ ಮಳೆ ಬಿದ್ದು ರಾತ್ರಿ ತಂಪಾಗುವವರೆಗೆ ಹಾಗೆಯೇ ನಿಂತಿರಲಿ, ತಿಂಗಳುಗಟ್ಟಲೆ ಬದುಕುತ್ತದೆ. ಆಮೇಲೆ ಒಣ ಮಿಶ್ರಣದಲ್ಲಿ 3–4 ಸೆಂ.ಮೀ. ಆಳಕ್ಕೆ ಇಟ್ಟು, ಎರಡು ಕಡ್ಡಿ ಆಧಾರ ಕೊಟ್ಟು, 10 ದಿನದ ಮೇಲೆ ಮೊದಲ ನೀರು ಕೊಡಿ.

ಪ್ರಶ್ನೆ: ಕುಂಡದ ಮಿಶ್ರಣಕ್ಕೆ ಏನೇನು ಎಷ್ಟೆಷ್ಟು? ನೀರು ಬಸಿಯುವ ಹಗುರ ಕಲ್ಲುಗಳಾದ ಪರ್ಲೈಟ್, ಪ್ಯೂಮಿಸ್ ಇಲ್ಲಿ ಸಿಗುವುದಿಲ್ಲ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಆದೀತೇ? – ಕೊಪ್ಪಳದ ಓದುಗರು

ಉತ್ತರ: ಬೇಕಾಗಿಯೂ ಇಲ್ಲ. ಗ್ರಾನೈಟ್ ಕ್ವಾರಿಗಳ ಸೀಮೆಯಲ್ಲಿ ಕುಳಿತು ದುಡ್ಡು ಕೊಟ್ಟು ಪ್ಯೂಮಿಸ್ ತರಿಸುವುದೇಕೆ? 10 ಅಂಗುಲದ ಕುಂಡಕ್ಕೆ 1 ಲೀಟರ್ ಮಗ್ಗಿನ ಲೆಕ್ಕದಲ್ಲಿ: 3–6 ಮಿ.ಮೀ. ಬೇಬಿ ಜಲ್ಲಿ 4 ಮಗ್, ತೊಳೆದ ದಪ್ಪ ಉಸುಕು 2, ಜರಡಿ ಹಿಡಿದ ಕೆಂಪು ಮಸಾರಿ 2, ಪೂರ್ತಿ ಕಳಿತ ಎರೆಹುಳು ಗೊಬ್ಬರ 1, ಸುಟ್ಟು ಕರಿಯಾದ ಭತ್ತದ ಹೊಟ್ಟು 1.

ಪ್ರತಿಯೊಂದರಲ್ಲೂ ಒಂದು ಎಡವಟ್ಟಿದೆ. ಜಲ್ಲಿಯನ್ನು ಪುಡಿಸಮೇತ ಹಾಕಿದರೆ ಆ ಪುಡಿಯೇ ಸಿಮೆಂಟಿನಂತೆ ತೂತು ಮುಚ್ಚುತ್ತದೆ. ಚಹಾ ಸೋಸುವಷ್ಟು ಸಣ್ಣ ಜರಡಿಯಲ್ಲಿ ಆಡಿಸಿ, ಕೆಳಗೆ ಬಿದ್ದದ್ದನ್ನು ಬಿಸಾಡಿ. ಹಳ್ಳದ ಉಸುಕಿನಲ್ಲಿ ಒಂಡು ಇರುತ್ತದೆ, ನೀರು ತಿಳಿಯಾಗುವವರೆಗೆ ತೊಳೆಯಬೇಕು; ಬೇಸಿಗೆಯಲ್ಲಿ ದಡದ ಮೇಲೆ ಬಿಳಿ ಉಪ್ಪು ಕೂರುವ ಹಳ್ಳದ ಉಸುಕು ಬೇಡವೇ ಬೇಡ. ಹೊಟ್ಟನ್ನು ಕರಿಯಾಗಿರುವಾಗಲೇ ನೀರು ಚಿಮುಕಿಸಿ ಆರಿಸಬೇಕು. ಅಕ್ಕಿ ಗಿರಣಿಯ ಬಾಯ್ಲರಿನಿಂದ ಬರುವ ಬಿಳಿ–ಬೂದು ಬೂದಿ ತುಂಬ ನುಣುಪು, ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದು ಈ ಕೆಲಸಕ್ಕೆ ಬಾರದು. ಹಸಿ ಸಗಣಿಗೊಬ್ಬರ ಹಾಕಿದರೆ ಗೊಣ್ಣೆಹುಳು ಬರುತ್ತದೆ. ಕೊಕೊಪೀಟ್ ಬಗ್ಗೆ ಕೇಳಿದ್ದೀರಿ: ನಮ್ಮ ಹವೆಗೆ ಅದರ ಮೇಲ್ಪದರ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ತೇವ ಇರುತ್ತದೆ. ನರ್ಸರಿಯಿಂದ ಬರುವ ಗಿಡಗಳು ಹೆಚ್ಚಾಗಿ ಬರೀ ಕೊಕೊಪೀಟ್‌ನಲ್ಲೇ ಇರುತ್ತವೆ. ತಂದ ವಾರದೊಳಗೆ ಬೇರಿನಿಂದ ಅದನ್ನು ಉದುರಿಸಿ, ಹೊಸ ಮಿಶ್ರಣಕ್ಕೆ ಹಾಕಿ, ವಾರ ಬಿಟ್ಟು ನೀರು ಕೊಡಿ.

ಮಿಶ್ರಣ ಸರಿಯಿದೆಯೇ ಎಂದು ನೋಡಲು ಕುಂಡ ತುಂಬಿಸಿ, ಒಮ್ಮೆ ನೆನೆಸಿ, ಮತ್ತೆ 1 ಲೀಟರ್ ನೀರು ಸುರಿಯಿರಿ. ಅರ್ಧ ನಿಮಿಷ ದಾಟಿಯೂ ಮೇಲೆ ನೀರು ನಿಂತಿದ್ದರೆ ಇನ್ನೊಂದು ಮಗ್ ಜಲ್ಲಿ ಬೇಕು. ಕುಂಡ ಮಣ್ಣಿನದಾದರೆ ಮೇಲು, ಪಕ್ಕದಿಂದಲೂ ಆವಿಯಾಗಿ ತಂಪಿರುತ್ತದೆ. ಪ್ಲಾಸ್ಟಿಕ್ಕೇ ಆದರೆ ಅದನ್ನು ಒಂದಳತೆ ದೊಡ್ಡ ಮಣ್ಣಿನ ಕುಂಡದೊಳಗಿಳಿಸಿ, ನಡುವಿನ ಸಂದಿಗೆ ಉಸುಕು ತುಂಬಿ. ಮಾಳಿಗೆಯ ಕಾಂಕ್ರೀಟಿನ ಮೇಲೆ ನೇರವಾಗಿ ಇಡಬೇಡಿ. ಎರಡು ಇಟ್ಟಿಗೆ ಕೊಟ್ಟರೆ ಅಡಿಯಲ್ಲಿ ಗಾಳಿಯಾಡುತ್ತದೆ. ಮಾರ್ಚ್ ಕೊನೆಯಿಂದ ಜೂನ್‌ವರೆಗೆ ಶೇ 35ರ ನೆರಳು ಪರದೆ ಸಾಕು. ಶೇ 75ರದ್ದು ಹಾಕಿದರೆ ದಿಂಡಿನ ತುದಿ ಸಪೂರವಾಗಿ ಏಳುತ್ತದೆ, ಆಮೇಲೆ ಎಷ್ಟು ಬಿಸಿಲು ಕೊಟ್ಟರೂ ಆ ಸೊಂಟ ತುಂಬುವುದಿಲ್ಲ.

ಗೊಬ್ಬರ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ತಿಂಗಳಿಗೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪ್ರಮಾಣ), ಲೀಟರಿಗೆ 1 ಗ್ರಾಂ. ಫೆಬ್ರವರಿಯಲ್ಲಿ ಒಮ್ಮೆ 0:52:34, ಅದೂ 1 ಗ್ರಾಂ. ಯೂರಿಯಾ ಚಿಟಿಕೆಯೂ ಬೇಡ, ದಿಂಡು ನೀರು ತುಂಬಿ ಉಬ್ಬಿ ಸೀಳುತ್ತದೆ.

ಪ್ರಶ್ನೆ: ಮನೆ ಮುಂದಿನ ಜಾಗ ಪೂರ್ತಿ ಎರೆಭೂಮಿ. 2 ಅಡಿ ಗುಂಡಿ ತೋಡಿ ಜಲ್ಲಿ, ಉಸುಕು ತುಂಬಿ ಕಂಬಗಳ್ಳಿ ನೆಡಬೇಕೆಂದಿದ್ದೇವೆ. ಸರಿಯೇ? – ಸಿರುಗುಪ್ಪದ ಓದುಗರು

ಉತ್ತರ: ದಯವಿಟ್ಟು ಗುಂಡಿ ತೋಡಬೇಡಿ. ಎರೆಮಣ್ಣಿನಲ್ಲಿ ನೀರು ಬೇಗ ಇಂಗದು. ಸುತ್ತಲಿನ ನೀರೆಲ್ಲ ನಿಮ್ಮ ಜಲ್ಲಿ ಗುಂಡಿಗೇ ಹರಿದು ಬಂದು ನಿಲ್ಲುತ್ತದೆ, ಅಂದರೆ ನೀವು ಕಳ್ಳಿಗಾಗಿ ಒಂದು ಬಾವಿ ತೋಡಿದ ಹಾಗೆ. ಜತೆಗೆ ಎರೆ ಬೇಸಿಗೆಯಲ್ಲಿ ಬಿರುಕುಬಿಟ್ಟು ಬೇರು ಹರಿಯುತ್ತದೆ.

ನೆಲದ ಮೇಲೆಯೇ ದಿಬ್ಬ ಕಟ್ಟಿ. ಅಗಲ 5–6 ಅಡಿ, ನಡುವಿನ ಎತ್ತರ 2 ಅಡಿ. ತಳಕ್ಕೆ ಅರ್ಧ ಅಡಿ ಒಡೆದ ಕಲ್ಲು–ಇಟ್ಟಿಗೆ ಚೂರು, ಮೇಲೆ ಗರಸು ಮತ್ತು ಕೆಂಪು ಮಸಾರಿ ಸಮಸಮ, ಅದಕ್ಕೆ ಐದನೇ ಒಂದು ಭಾಗ ಜಲ್ಲಿ. ಒಂದು ಮಳೆಗಾಲ ಬಿಟ್ಟು ದಿಬ್ಬ ಕೂತ ಮೇಲೆ ಅಕ್ಟೋಬರ್ ಕೊನೆಯಲ್ಲಿ ನೆಡಿ. ಸುತ್ತ ಕಲ್ಲು ಜೋಡಿಸುವಾಗ ಗಾರೆ ಹಾಕಬೇಡಿ, ನೀರಿಗೆ ದಾರಿ ಬೇಕು. ಪಕ್ಕದಲ್ಲಿ ಭತ್ತದ ಗದ್ದೆ ಇದ್ದರೆ, ಕಾಲುವೆ ಬಿಟ್ಟ ತಿಂಗಳುಗಳಲ್ಲಿ ತೇವ ಎಲ್ಲಿಯವರೆಗೆ ಬರುತ್ತದೆಂದು ಮೊದಲು ನೋಡಿ ಜಾಗ ಆರಿಸಿ.

ಇನ್ನೊಂದು ಸಲಹೆ: ಬಯಲಿಗೆ ಬೆಳ್ಳಿಕಳ್ಳಿಗಿಂತ ಸೀರಿಯಸ್ ಕುಲದ ದಪ್ಪ ಕಂಬಗಳ್ಳಿ ಮೇಲು. ‘ಪೆರುವಿಯನ್ ಆ್ಯಪಲ್ ಕ್ಯಾಕ್ಟಸ್’ ಎಂದು ಮಾರುವ, ನೀಲಿ ಛಾಯೆಯ ಹಸಿರು ದಿಂಡಿನ, 5ರಿಂದ 9 ಏಣಿನ ಜಾತಿ ಅದು. ನಮ್ಮ ಬೇಸಿಗೆಯ ರಾತ್ರಿಯನ್ನು ಅದು ಚೆನ್ನಾಗಿ ತಾಳುತ್ತದೆ, 10–15 ಅಡಿ ಸುಲಭವಾಗಿ ಏರುತ್ತದೆ. ಬೆಳ್ಳಿಕಳ್ಳಿ ನೆಡುವುದಾದರೆ ಮನೆಯ ಮೂಡಣ ಬದಿಗೆ, ಮಧ್ಯಾಹ್ನ ಎರಡರ ನಂತರ ಗೋಡೆಯ ನೆರಳು ಬೀಳುವಲ್ಲಿ.

ಪ್ರಶ್ನೆ: ಬೋರ್ ನೀರು ಹಾಕಿ ಹಾಕಿ ಕುಂಡದ ಅಂಚು, ಮಣ್ಣಿನ ಮೇಲೆಲ್ಲ ಸುಣ್ಣ ಬಳಿದ ಹಾಗಾಗಿದೆ. ಗಿಡವೂ ಬೆಳೆಯುತ್ತಿಲ್ಲ. ವಿನೆಗರ್ ಹಾಕಿದರೆ ಸರಿಹೋಗುತ್ತದೆಯೇ? – ರಾಯಚೂರಿನ ಓದುಗರು

ಉತ್ತರ: ನೀರು ಗಡಸೋ ಸವಳೋ ಎಂಬುದರ ಮೇಲೆ ಹೋಗುತ್ತದೆ. ಗಡಸು ನೀರಿನ ದೋಷ ಬೈಕಾರ್ಬನೇಟ್. ಅದು ಮಣ್ಣಿನ ಪಿಎಚ್ ಏರಿಸಿ ಕಬ್ಬಿಣ ಸಿಗದಂತೆ ಮಾಡುತ್ತದೆ, ತುದಿಯ ಹೊಸ ಬೆಳವಣಿಗೆ ತಿಳಿಹಳದಿಯಾಗುತ್ತದೆ. ಇದಕ್ಕೆ ಹುಳಿ ಮದ್ದು. ಅಡುಗೆಮನೆಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) 10 ಲೀಟರಿಗೆ 2 ಗ್ರಾಂನಿಂದ ಶುರುಮಾಡಿ, ಕಲಕಿ, ಪಿಎಚ್ ಪಟ್ಟಿ ಅದ್ದಿ ನೋಡಿ. 6ರಿಂದ 6.5ಕ್ಕೆ ಇಳಿಯುವವರೆಗೆ ಅರ್ಧರ್ಧ ಗ್ರಾಂ ಏರಿಸಿ. ಒಮ್ಮೆ ನಿಮ್ಮ ಬೋರಿನ ಅಳತೆ ಗೊತ್ತಾದರೆ ಪ್ರತಿ ಸಲ ನೋಡಬೇಕಿಲ್ಲ. ವಿನೆಗರ್ ಕೂಡ ಆದೀತು, ಆದರೆ ಅಂಗಡಿಯಿಂದ ಅಂಗಡಿಗೆ ಅದರ ಹುಳಿ ಬೇರೆ, ಅಳತೆ ನಿಲ್ಲುವುದಿಲ್ಲ.

ಬಾಯಿಗೆ ಹಾಕಿದರೆ ಉಪ್ಪೆನಿಸುವ ಸವಳು ನೀರಾದರೆ ಹುಳಿಯಿಂದ ಏನೂ ಆಗದು. ಸೋಡಿಯಂ ಅಲ್ಲೇ ಉಳಿಯುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರಂತೂ ಉಪ್ಪಿನ ಸಾರ. ಕೂಲರ್ ತೊಟ್ಟಿಯ ನೀರೂ ಅಷ್ಟೇ, ಆವಿಯಾಗಿ ಆವಿಯಾಗಿ ಲವಣ ಕೂಡಿಕೊಂಡಿರುತ್ತದೆ. ಆದರೆ ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರು ಗಾಳಿಯ ತೇವ ಇಳಿದದ್ದು, ಮಳೆನೀರಿನಷ್ಟೇ ಮೆದು. ಕಳ್ಳಿಗೆ ಬೇಸಿಗೆಯಲ್ಲಿ ಬೇಕಾದದ್ದೇ ಲೋಟದಷ್ಟು, ಒಂದು ಕೊಡ ಹಿಡಿದಿಟ್ಟರೆ ತಿಂಗಳು ಬರುತ್ತದೆ. ಈಗಿರುವ ಬಿಳಿ ಪದರವನ್ನು ಮೇಲಿನ 2 ಸೆಂ.ಮೀ. ಮಣ್ಣಿನ ಸಮೇತ ಕೆರೆದು ತೆಗೆದು ಹೊಸ ಜಲ್ಲಿ ಹಾಕಿ. ಮಳೆಗಾಲದಲ್ಲಿ ಒಂದು ಜೋರು ಮಳೆಗೆ ಕುಂಡವನ್ನು ಬೇಕೆಂದೇ ಒಡ್ಡಿ, ಒಳಗಿನ ಉಪ್ಪು ತೊಳೆದುಹೋಗಲಿ.

ಪ್ರಶ್ನೆ: ಅದಿರು ಲಾರಿಗಳ ದೂಳಿಗೆ ನಮ್ಮ ಬಿಳಿ ಕಳ್ಳಿ ಕೆಂಪಾಗಿದೆ. ತೊಳೆಯಬಹುದೇನ್ರಿ? – ಸಂಡೂರಿನ ಓದುಗರು

ಉತ್ತರ: ತೊಳೆಯಬಹುದು, ವರ್ಷಕ್ಕೆ ಎರಡೇ ಸಲ. ಮಿಶ್ರಣದ ಮೇಲೆ ಪ್ಲಾಸ್ಟಿಕ್ ಹೊದಿಸಿ ಕುಂಡ ಓರೆ ಮಾಡಿ, ಲೀಟರ್ ಮಳೆನೀರಿಗೆ 2 ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತನೆಯ ಬಣ್ಣದ ಬ್ರಷ್ಷಿನಿಂದ ಬುಡದಿಂದ ತುದಿಯ ಕಡೆಗೆ ಆಡಿಸಿ. ತುದಿಯಿಂದ ಬುಡಕ್ಕೆ ಎಳೆದರೆ ಮುಳ್ಳು ಮುರಿಯುತ್ತದೆ. ಆಮೇಲೆ ಬರೀ ನೀರು. ಬೆಳಿಗ್ಗೆ ಏಳರೊಳಗೆ ಮುಗಿಸಿ, ಒಣಗುವವರೆಗೆ ನೆರಳಲ್ಲಿಡಿ. ಮುರಿದ ಮುಳ್ಳು ಮತ್ತೆ ಬರುವುದಿಲ್ಲ ಎಂಬುದು ನೆನಪಿರಲಿ. ಬೂಷ್ಟು ಕೂತು ಕಪ್ಪಾದ ಮುಳ್ಳು ಬೆಳ್ಳಗಾಗುವುದೂ ಇಲ್ಲ.

ಪ್ರಶ್ನೆ: ಗಿಡದಲ್ಲಿ ರೋಗವೇನೂ ಕಾಣುವುದಿಲ್ಲ, ಆದರೆ ಇರುವೆ ಸಾಲುಗಟ್ಟಿ ಓಡಾಡುತ್ತವೆ. ಬೇವಿನೆಣ್ಣೆ ಹೊಡೆದೆವು, ತುದಿ ಸುಟ್ಟ ಹಾಗಾಯಿತು. – ಮಸ್ಕಿಯ ಓದುಗರು

ಉತ್ತರ: ಬಿಳಿ ಮುಳ್ಳಿನ ಗಿಡದಲ್ಲಿ ಬಿಳಿ ಹಿಟ್ಟುತಿಗಣೆ ಸೇರಿಕೊಂಡರೆ ಕಣ್ಣಿಗೆ ಬೀಳುವುದೇ ಇಲ್ಲ, ಇರುವೆಯೇ ಅದರ ಸುಳಿವು ಕೊಡುವುದು. ತಿಗಣೆ ಸುರಿಸುವ ಸಿಹಿ ಅಂಟಿಗೆ ಇರುವೆ ಬರುತ್ತದೆ. ಸಂಜೆ ಟಾರ್ಚ್ ಹಿಡಿದು, ಬುಡದ ಕೆಳಗಿನ ಎರಡು ಅಂಗುಲ ಮತ್ತು ದಿಂಡುಗಳು ಒಂದಕ್ಕೊಂದು ತಾಗುವ ಸಂದಿಗಳನ್ನು ಕಡ್ಡಿಯಿಂದ ಮುಳ್ಳು ಸರಿಸಿ ನೋಡಿ. ಹತ್ತಿಯಂಥ ಉಂಡೆಯನ್ನು ಕಡ್ಡಿಯಿಂದ ಒತ್ತಿದಾಗ ಕೆಂಪು–ಕಿತ್ತಳೆ ರಸ ಬಂದರೆ ಅದು ತಿಗಣೆ, ಬರದಿದ್ದರೆ ಗಿಡದ್ದೇ ಉಣ್ಣೆ.

ಸಣ್ಣ ಬ್ರಷ್ಷನ್ನು ಶೇ 70ರ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದಕ್ಕೂ ಮುಟ್ಟಿಸಿ. ಸಂಜೆಯೇ ಮಾಡಿ, ವಾರಕ್ಕೊಮ್ಮೆಯಂತೆ ಮೂರು ಸಲ, ಮೊಟ್ಟೆಗಳು ಒಂದೇ ಸಲಕ್ಕೆ ಸಾಯುವುದಿಲ್ಲ. ಗಿಡ ಕಿತ್ತು ನೋಡಿದಾಗ ಬೇರಿನಲ್ಲೂ ಬಿಳಿ ಹಿಟ್ಟು ಇದ್ದರೆ ಅದು ಬೇರುತಿಗಣೆ. ಬೇರು ತೊಳೆದು ಹೊಸ ಮಿಶ್ರಣಕ್ಕೆ ಹಾಕಿ, ಗಿಡ ಚೇತರಿಸಿದ ಮೇಲೆ ಹತ್ತಿ–ಮೆಣಸಿನಕಾಯಿಗೆ ನೀವು ಬಳಸುವ ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ಅನ್ನು ಲೀಟರಿಗೆ ಅರ್ಧ ಮಿ.ಲೀ. ಬೆರೆಸಿ, 8 ಅಂಗುಲದ ಕುಂಡಕ್ಕೆ 200 ಮಿ.ಲೀ. ಸುರಿಯಿರಿ. ಕೈಗೆ ಗ್ಲೌಸ್ ಇರಲಿ, ಹೂವಿದ್ದಾಗ ಬೇಡ. ಈ ಮದ್ದು ಬೇರು ಕುಡಿದರಷ್ಟೇ ಕೆಲಸ ಮಾಡುತ್ತದೆ, ಹಾಗಾಗಿ ಮೇ ತಿಂಗಳಲ್ಲಿ ಹಾಕಿದರೆ ದಂಡ.

ಬೇವಿನೆಣ್ಣೆ ಕಳ್ಳಿಯ ಮೈಮೇಲಿನ ಮೇಣವನ್ನು ಕರಗಿಸುತ್ತದೆ, ಮೇಲೆ ಬಿಸಿಲು ಬಿದ್ದರೆ ಸುಟ್ಟದ್ದೇ. ಆ ಕಲೆ ಹೋಗುವುದಿಲ್ಲ. ಆದರೆ ಎಣ್ಣೆ ಹೊಡೆಯುವ ಮೊದಲೇ ತುದಿ ತುಕ್ಕುಬಣ್ಣಕ್ಕೆ ತಿರುಗಿದ್ದರೆ ಅದು ಕೆಂಪು ನುಸಿಯ ಕೆಲಸ. ಫೆಬ್ರವರಿ–ಮಾರ್ಚ್‌ನ ಒಣಗಾಳಿಯಲ್ಲಿ ಹೆಚ್ಚು. ಇಮಿಡಾಕ್ಲೋಪ್ರಿಡ್‌ಗೆ ನುಸಿ ಸಾಯದು. ನೀರಿನಲ್ಲಿ ಕರಗುವ ಗಂಧಕ ಶೇ 80ರದ್ದು ಲೀಟರಿಗೆ 2 ಗ್ರಾಂ, ಸಂಜೆ ಹೊತ್ತು, ಹಗಲಿನ ಉಷ್ಣತೆ 32 ದಾಟದ ದಿನಗಳಲ್ಲಿ ಮಾತ್ರ. ದಾಟಿದರೆ ಗಂಧಕವೇ ಸುಡುತ್ತದೆ. ಏಪ್ರಿಲ್‌ನಲ್ಲಿ ಕಂಡರೆ ನುಸಿನಾಶಕ ಪ್ರೊಪಾರ್ಗೈಟ್ 57 ಇಸಿ, ಲೀಟರಿಗೆ 2 ಮಿ.ಲೀ.

ಪ್ರಶ್ನೆ: ಮುಂಗಾರು ಗಾಳಿಗೆ ಎರಡು ದಿಂಡು ಬುಡದಲ್ಲೇ ಮುರಿದವು. ಮುರಿದದ್ದರಿಂದ ಹೊಸ ಗಿಡ ಮಾಡಬಹುದೇ? – ಕುಷ್ಟಗಿಯ ಓದುಗರು

ಉತ್ತರ: ಧಾರಾಳವಾಗಿ. ಮುರಿದ ಜಾಗ ಒರಟಾಗಿರುತ್ತದೆ, ನೇರವಾಗಿ ಮತ್ತೆ ಕತ್ತರಿಸಿ. ಬಳ್ಳಾರಿಯ ಓದುಗರಿಗೆ ಹೇಳಿದ ಹಾಗೆಯೇ ಅಂಚು ಕೆತ್ತಿ 8–10 ದಿನ ಒಣಗಿಸಿ ನೆಡಿ. ಸೀರಿಯಸ್‌ನಂಥ ದಪ್ಪ ದಿಂಡಿಗಾದರೆ 3–4 ವಾರ ಒಣಗಬೇಕು. 15 ಸೆಂ.ಮೀ.ಗಿಂತ ಉದ್ದದ ತುಂಡಿಗೆ ಕಡ್ಡಿಯ ಆಸರೆ ಬೇಕು. ಕಟ್ಟುವಾಗ ದಾರ ಬೇಡ, ಎರಡು ಬೆರಳಗಲದ ಹತ್ತಿಬಟ್ಟೆಯ ಪಟ್ಟಿ ಸಾಕು. ತಾಯಿಗಿಡದ ಗಾಯಕ್ಕೂ ಪುಡಿ ಹಚ್ಚಿ, ವಾರ ನೀರು ತಾಗಿಸಬೇಡಿ, ಅಲ್ಲೇ ಪಕ್ಕದಿಂದ ಹೊಸ ಚಿಗುರು ಬರುತ್ತದೆ. ಇನ್ನು ಮುಂದೆ ಜೂನ್ ಬರುವ ಮೊದಲು, 2 ಅಡಿ ದಾಟಿದ ದಿಂಡುಗಳನ್ನೆಲ್ಲ ಒಂದು ಬಿದಿರಿಗೆ ಸಡಿಲವಾಗಿ ಸೇರಿಸಿ ಕಟ್ಟಿ, ಕುಂಡದ ತಳಕ್ಕೆ ಒಂದು ಭಾರದ ಕಲ್ಲು ಇಡಿ.

ಪ್ರಶ್ನೆ: ಬೀಜದಿಂದ ಬೆಳೆಸುವುದು ಹೇಗೆ? – ಗಂಗಾವತಿಯ ಓದುಗರು

ಉತ್ತರ: ತಾಳ್ಮೆ ಇದ್ದವರಿಗೆ ಮಾತ್ರ. ಬಿತ್ತುವ ಕಾಲ ಅಕ್ಟೋಬರ್–ನವೆಂಬರ್, ಹಗಲು 25ರಿಂದ 30 ಡಿಗ್ರಿ ಇರುವಾಗ. ಜರಡಿ ಹಿಡಿದ ಉಸುಕು 2 ಪಾಲು, ಕೊಕೊಪೀಟ್ 1 ಪಾಲು (ಇಲ್ಲಿ ಮಾತ್ರ ಕೊಕೊಪೀಟ್ ಉಪಯೋಗಕ್ಕೆ ಬರುತ್ತದೆ) ಕುಕ್ಕರಿನಲ್ಲಿ 20 ನಿಮಿಷ ಹಬೆಯಲ್ಲಿ ಬೇಯಿಸಿ ಆರಿಸಿ. ಮುಚ್ಚಳವಿರುವ ಪಾರದರ್ಶಕ ಡಬ್ಬಿಯ ತಳಕ್ಕೆ ತೂತು ಮಾಡಿ ತುಂಬಿ, ಕಾಯಿಸಿ ಆರಿಸಿದ ನೀರನ್ನು ಕೆಳಗಿನಿಂದ ಕುಡಿಸಿ. ಬೀಜ ಸಾಸಿವೆಗಿಂತ ಸಣ್ಣದು, ಮೇಲೆ ಉದುರಿಸಿದರೆ ಸಾಕು, ಮಣ್ಣು ಮುಚ್ಚಿದರೆ ಬೆಳಕು ಸಿಗದೆ ಹುಟ್ಟುವುದಿಲ್ಲ. ಮುಚ್ಚಳ ಹಾಕಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ. ಎರಡು ಮೂರು ವಾರದಲ್ಲಿ ಹಸಿರು ಚುಕ್ಕಿಗಳು ಏಳುತ್ತವೆ. ಅವು ಕೆಂಪಾದರೆ ಬೆಳಕು ಜಾಸ್ತಿ, ಉದ್ದವಾಗಿ ಒರಗಿದರೆ ಕಡಿಮೆ. ಎರಡು ತಿಂಗಳ ಮೇಲೆ ಮುಚ್ಚಳವನ್ನು ದಿನ ಸ್ವಲ್ಪ ಸ್ವಲ್ಪ ಸರಿಸಿ. ಮೊದಲ ಬೇಸಿಗೆಯನ್ನು ಮನೆಯೊಳಗಿನ ಕಿಟಕಿಯಲ್ಲೇ ಕಳೆಯಬೇಕು. ಈ ಸಣ್ಣವಕ್ಕೆ ಒಡಲಲ್ಲಿ ನೀರಿನ ಸಂಗ್ರಹ ಇರುವುದಿಲ್ಲ, ದೊಡ್ಡ ಗಿಡದ ನಿಯಮ ಹಚ್ಚಬೇಡಿ. ವಾರಕ್ಕೊಮ್ಮೆ ತೇವ ಬೇಕು.

ಪ್ರಶ್ನೆ: ನಾಲ್ಕು ವರ್ಷವಾದರೂ ಹೂ ಬಿಟ್ಟಿಲ್ಲ. ಬೇರೆಯವರ ಸೀರಿಯಸ್ ಹೂ ಬಿಟ್ಟರೂ ಹಣ್ಣು ಕಟ್ಟಿಲ್ಲ. ಕಾರಣವೇನು? – ಲಿಂಗಸೂಗೂರಿನ ಓದುಗರು

ಉತ್ತರ: ಬೆಳ್ಳಿಕಳ್ಳಿ 45 ಸೆಂ.ಮೀ. ಎತ್ತರ ದಾಟದೆ ಹೂವಿನ ಮಾತೇ ಇಲ್ಲ. ದಾಟಿದ ಮೇಲೂ ದಿನಕ್ಕೆ 5–6 ತಾಸು ನೇರ ಬಿಸಿಲು, ಮೇಲೆ ಹೇಳಿದ ಡಿಸೆಂಬರ್–ಜನವರಿಯ ಒಣಗಾಲ ಬೇಕು. ಹೂ ದಿಂಡಿನ ಪಕ್ಕದಿಂದ ಅಡ್ಡಡ್ಡ ಹೊರಡುತ್ತದೆ, 6 ಸೆಂ.ಮೀ.ನಷ್ಟು ಉದ್ದದ ಕಡುಗೆಂಪು ಕೊಳವೆ. ಅರಳಿದರೂ ಬಾಯಿ ಪೂರ್ತಿ ಬಿಚ್ಚುವುದಿಲ್ಲ. ಮೊಗ್ಗೆಂದು ಕಾಯುತ್ತ ಕೂತರೆ ಬಾಡಿಹೋಗುತ್ತದೆ. ತವರಿನಲ್ಲಿ ಆ ಸಣ್ಣ ಬಾಯಿಗೆ ಕೊಕ್ಕು ಇಡುವುದು ಹಮ್ಮಿಂಗ್ ಬರ್ಡ್. ನಮ್ಮ ಬಿಸಿಯಲ್ಲಿ ಹೂ ಖಂಡಿತ ಬರುತ್ತದೆಂದು ಭರವಸೆ ಕೊಡಲಾರೆವು. ಬೆಳ್ಳಿ ಬಣ್ಣಕ್ಕೇ ಇದನ್ನು ಸಾಕಬೇಕು.

ಸೀರಿಯಸ್ ವಿಷಯ ಬೇರೆ. ಅದರ ಬಿಳಿ ಹೂ ಒಂದೇ ರಾತ್ರಿಯದು, ಮರುದಿನ ಬಿಸಿಲೇರುವಷ್ಟರಲ್ಲಿ ಜೋತುಬೀಳುತ್ತದೆ. ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ಒಂದೇ ಗಿಡದಿಂದ ಕತ್ತರಿಸಿ ಊರೆಲ್ಲ ಹಂಚಿದ್ದರೆ ಅವೆಲ್ಲ ಒಂದೇ ಗಿಡದ ಲೆಕ್ಕ. ಬೇರೆ ಮೂಲದ ಇನ್ನೊಂದು ಗಿಡ ಅದೇ ರಾತ್ರಿ ಅರಳಬೇಕು. ರಾತ್ರಿ ಹತ್ತರ ನಂತರ ಒಂದರ ಪರಾಗವನ್ನು ಒಣ ಬ್ರಷ್ಷಿನಲ್ಲಿ ತೆಗೆದು ಇನ್ನೊಂದರ ನಡುವಿನ ಕವಲೊಡೆದ ಶಲಾಕೆಗೆ (ಹೂವಿನ ಹೆಣ್ಣು ಭಾಗ) ಸವರಿ. ಹೂ ಬಾಡಿದರೂ ಬುಡದ ಹಸಿರು ಕಾಯಿ ವಾರ ಕಳೆದು ಉದುರದಿದ್ದರೆ ಕಟ್ಟಿದೆ ಎಂದರ್ಥ. ಹಣ್ಣಿಗೆ ಮುಳ್ಳಿಲ್ಲ, ಸಿಪ್ಪೆ ಕೆಂಪು ಇಲ್ಲವೇ ಹಳದಿ, ಒಳಗೆ ಬಿಳಿ ತಿರುಳು, ಕರಿ ಬೀಜ. ತಾನಾಗಿ ಸೀಳುಬಿಟ್ಟ ದಿನವೇ ಕೊಯ್ಯಿರಿ, ಮರುದಿನಕ್ಕೆ ಬಿಟ್ಟರೆ ಇರುವೆ–ಹಕ್ಕಿಗಳ ಪಾಲು.